ಒಂದೇ ಮನೆಯ ಎರಡು ಎಡಗಾಲು

ಪುಂಜಾಲಕಟ್ಟೆಯ ಆ ಸಣ್ಣ ಹೋಟೆಲಿನಲ್ಲಿ ಅಡುಗೆಕೋಣೆಯಿಂದ ಗಿರಾಕಿಗಳು ಕೂರುವ ಜಾಗಕ್ಕೆ ಬರಬೇಕಾದರೆ ಒಂದು ಮೆಟ್ಟಿಲು ಇಳಿಯಬೇಕು. ಶಶಿಪ್ರಭಾ ಅದನ್ನು ನೇರವಾಗಿ ಇಳಿಯುವುದಿಲ್ಲ. ಮೈಯನ್ನು ಅಡ್ಡ ತಿರುಗಿಸಿ ಮೊದಲು ಎಡಗಾಲನ್ನು ಕೆಳಗಿಟ್ಟು, ಬಲಗಾಲನ್ನು ಅದರ ಪಕ್ಕಕ್ಕೆ ತಂದು, ಆಮೇಲೆ ಮುಂದಕ್ಕೆ ನಡೆಯುತ್ತಾಳೆ. ಕೈಯಲ್ಲಿ ಗೋಳಿಬಜೆಯ ತಟ್ಟೆ ಇದ್ದರೂ ಹಾಗೆಯೇ. ಹೊಸದಾಗಿ ಬಂದವರು ಅದನ್ನು ಆಕೆಯ ಗತ್ತು ಎಂದುಕೊಳ್ಳುತ್ತಾರೆ.

ಆಕೆಯ ಎಡ ಮೊಣಕಾಲಿನ ಒಳಗಿರುವ ಲಿಗಮೆಂಟು ತುಂಡಾಗಿ ಹನ್ನೆರಡು ವರ್ಷ ದಾಟಿತು. ಪೇಟೆಯಲ್ಲಿ ಇದು ಗೊತ್ತಿದ್ದವರು ಇಬ್ಬರೋ ಮೂವರೋ. ಮಗಳು ಸಾತ್ವಿಕಾಳ ಎಡ ಮೊಣಕಾಲಿನ ಅದೇ ಲಿಗಮೆಂಟು ತುಂಡಾದದ್ದು ಕಳೆದ ಜನವರಿಯಲ್ಲಿ, ಮೂಡುಬಿದಿರೆಯಲ್ಲಿ ಕಬಡ್ಡಿ ಆಡುವಾಗ. ಅದು ಇಡೀ ಪೇಟೆಗೆ ಗೊತ್ತು.

“ಶಶಿಯಕ್ಕ, ಮಗಳ ಮೊಣಕಾಲು ಹೇಗುಂಟು?” ಆಟೊ ಓಡಿಸುವ ಅಸ್ಕರ್ ದಿನಾ ಬೆಳಿಗ್ಗೆ ಕೇಳುತ್ತಾನೆ.

“ಉಂಟು, ಅಲ್ಲಿಯೇ ಉಂಟು. ನಿನಗೆ ಬನ್ಸಾ, ಬಜೆಯಾ?”

“ಪಾಪ, ಸಣ್ಣ ಪ್ರಾಯ. ಎಷ್ಟು ಕಷ್ಟ ಅಲ್ವಾ?”

“ಹೌದು, ಭಾರೀ ಕಷ್ಟ” ಎಂದು ಶಶಿಪ್ರಭಾ ಒಳಗೆ ಹೋಗುತ್ತಾಳೆ. ಮೆಟ್ಟಿಲು ಹತ್ತುವಾಗ ಬಲಗಾಲು ಮೊದಲು.

ಆಕೆಯ ಕಾಲು ಕೆಟ್ಟದ್ದು ಮಳೆಗಾಲದ ಆಟಿ ತಿಂಗಳ ಒಂದು ಭಾನುವಾರ. ಊರಿನ ಯುವಕ ಮಂಡಲದವರು ‘ಕೆಸರ್‌ಡೊಂಜಿ ದಿನ’ ಇಟ್ಟಿದ್ದರು. ಉತ್ತು ನೀರು ನಿಲ್ಲಿಸಿದ ಗದ್ದೆಗೆ ಮಕ್ಕಳಿಂದ ಮುದುಕರವರೆಗೆ ಎಲ್ಲರೂ ಇಳಿದು ಓಡುವ, ಬೀಳುವ, ಹಗ್ಗ ಎಳೆಯುವ ದಿನ ಅದು. ಗಂಡ ಲತೇಶ್ ಆಗ ಅಬುಧಾಬಿಯಲ್ಲಿದ್ದ. ಸಾತ್ವಿಕಾ ಅಂಗನವಾಡಿಗೆ ಹೋಗುವ ಮಗು. ಅಜ್ಜಿಯ ಕೈ ಹಿಡಿದು ಬದುವಿನ ಮೇಲೆ ನಿಂತಿದ್ದಳು. ಹೆಂಗಸರ ಹಗ್ಗಜಗ್ಗಾಟದಲ್ಲಿ ಶಶಿಪ್ರಭಾ ಹಗ್ಗದ ಕೊನೆಯವಳು. ಕಾಲೇಜಿನಲ್ಲಿ ಕಬಡ್ಡಿ ಆಡಿದವಳು, ಅಂತರ ಕಾಲೇಜು ಪಂದ್ಯಗಳಿಗೆ ಹೋದವಳು ಎಂಬ ಕಾರಣಕ್ಕೆ ಆ ಜಾಗ ಕೊಟ್ಟಿದ್ದರು. ಎಡಗಾಲು ಮೊಣಕಾಲಿನ ಹತ್ತಿರದವರೆಗೂ ಕೆಸರಿನಲ್ಲಿ ಹೂತಿತ್ತು. ಎದುರಿನವರು ಒಮ್ಮೆಲೆ ಹಗ್ಗ ಜಗ್ಗಿದರು. ಮೈ ತಿರುಗಿತು, ಕಾಲು ತಿರುಗಲಿಲ್ಲ. ಒಳಗೆ ‘ಟಪ್’ ಎಂದದ್ದು ಆಕೆಗೆ ಮಾತ್ರ ಕೇಳಿತು.

ಬೇರೆ ಯಾವುದೇ ಮೈದಾನದಲ್ಲಿ ಹೆಂಗಸೊಬ್ಬಳು ಹಾಗೆ ಬಿದ್ದಿದ್ದರೆ ನಾಲ್ಕು ಜನ ಓಡಿ ಬರುತ್ತಿದ್ದರು. ಕೆಸರಿನ ದಿನ ಬಿದ್ದವರನ್ನು ಯಾರೂ ಎತ್ತುವುದಿಲ್ಲ. ಬೀಳುವುದೇ ಆಟ. ಶಶಿಪ್ರಭಾ ಕೂಗಿದಳು, ಉಳಿದವರು ನಕ್ಕು ಆಕೆಯ ತಲೆಗೆ ಇನ್ನಷ್ಟು ಕೆಸರು ಸುರಿದರು. ಆಕೆ ಬಿದ್ದರೂ ಆ ಸುತ್ತನ್ನು ಆಕೆಯ ತಂಡವೇ ಗೆದ್ದಿತು.

ಎಕ್ಸ್‌ರೇಯಲ್ಲಿ ಎಲುಬು ಸರಿ ಇತ್ತು. ಎಲುಬು ಸರಿ ಇದ್ದರೆ ಎಲ್ಲ ಸರಿ ಎಂದು ಮನೆಯಲ್ಲಿ ತೀರ್ಮಾನವಾಯಿತು. ಬಂಟ್ವಾಳ ಕಡೆಯ ಒಬ್ಬ ನಾಟಿ ವೈದ್ಯರು ಎಣ್ಣೆ ಹಚ್ಚಿ ಪಟ್ಟಿ ಕಟ್ಟಿದರು. ಬಾವು ಇಳಿಯಿತು. ಮುಂದಿನ ತಿಂಗಳು ಬಾವಿಕಟ್ಟೆಯ ಹತ್ತಿರ ತಿರುಗುವಾಗ ಮೊಣಕಾಲು ಜಾರಿ ಆಕೆ ಕೊಡದೊಂದಿಗೆ ಬಿದ್ದಳು. ಅದರ ನಂತರವೂ ಬಿದ್ದಳು. ಅತ್ತೆ ಅಮ್ಮಣ್ಣಿ ಅದಕ್ಕೆ ‘ಸೋಂಬೇರಿ ಕಾಲು’ ಎಂದು ಹೆಸರಿಟ್ಟರು. ಕೊನೆಗೆ ಮಂಗಳೂರಿನಲ್ಲಿ ಸ್ಕ್ಯಾನ್ ಮಾಡಿಸಿದಾಗ ಲಿಗಮೆಂಟು ತುಂಡಾಗಿದೆ ಎಂದು ಗೊತ್ತಾಯಿತು. ಡಾಕ್ಟರು ಸ್ಕ್ಯಾನ್ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿ, “ಆಟ ಆಡುವವರಿಗಾದ್ರೆ ಆಪರೇಷನ್ ಮಾಡ್ತೇವೆ. ನಿಮಗೆ ಎಂತಕ್ಕೆ? ಮನೆಯಲ್ಲೇ ಇರುದಲ್ವಾ? ಜಾಗ್ರತೆ ಮಾಡಿದ್ರೆ ಸಾಕು” ಎಂದರು.

ಶಶಿಪ್ರಭಾ ಜಾಗ್ರತೆ ಮಾಡಿದಳು. ಮದುವೆ ಮನೆಯಲ್ಲಿ ನೆಲದ ಮೇಲೆ ಎಲೆ ಹಾಕಿದ್ದರೆ ಊಟ ಮಾಡದೆ ಬಡಿಸಲು ನಿಂತಳು. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳ ದಾಟಲು ಗೋಡೆ ಹಿಡಿದಳು. ಬಸ್ಸಿನ ಮೆಟ್ಟಿಲು ಎತ್ತರ ಕಂಡರೆ ಮುಂದಿನ ಬಸ್ಸಿಗೆ ಕಾದಳು. ಬೆಳಿಗ್ಗೆ ಶೌಚಕ್ಕೆ ಕುಕ್ಕರಗಾಲಲ್ಲಿ ಕೂತು, ಏಳುವಾಗ ನಲ್ಲಿಯ ಪೈಪು ಹಿಡಿದು ಎದ್ದಳು. ಆ ಪೈಪು ಗೋಡೆಯಿಂದ ಸಡಿಲವಾಗಿ ಅಲುಗಾಡತೊಡಗಿತು. ಲತೇಶ್ ಊರಿಗೆ ಬಂದು ಹೋಟೆಲ್ ಹಾಕಿದ ಮೇಲೆ ದಿನವಿಡೀ ಒಲೆಯ ಮುಂದೆ ಬಲಗಾಲಿನ ಮೇಲೆ ಭಾರ ಹಾಕಿ ನಿಂತಳು. ಈಗ ಬಲ ಸೊಂಟವೂ ನೋಯುತ್ತದೆ. ನೋವಿಗಿಂತ ದೊಡ್ಡದು ಅನುಮಾನ. ಯಾವ ಹೆಜ್ಜೆಗೆ ಕಾಲು ಕೈಕೊಡುತ್ತದೆಂದು ಆಕೆಗೆ ಗೊತ್ತಿಲ್ಲ. ಹೊರಗಿನಿಂದ ನೋಡಿದರೆ ಮೊಣಕಾಲಿನಲ್ಲಿ ಗಾಯವೂ ಇಲ್ಲ, ಬಾವೂ ಇಲ್ಲ.

ಮಗಳು ಹೈಸ್ಕೂಲಿನಲ್ಲಿ ಕಬಡ್ಡಿ ಆಡತೊಡಗಿದಾಗ ಹಿಡಿತ ಕಲಿಸಿಕೊಟ್ಟದ್ದು ಶಶಿಪ್ರಭಾಳೇ, ಹೋಟೆಲಿನ ಹಿಂದಿನ ಅಂಗಳದಲ್ಲಿ, ಕುರ್ಚಿಯಲ್ಲಿ ಕೂತು. ಸಾತ್ವಿಕಾಳಿಗೆ ಮೂಡುಬಿದಿರೆಯಲ್ಲಿ ಕ್ರೀಡಾ ಕೋಟಾದಲ್ಲಿ ಪಿಯುಸಿ ಸೀಟು ಸಿಕ್ಕಿತು. ಜನವರಿಯಲ್ಲಿ ಕಾಲು ಕೆಟ್ಟಿತು. ಫೆಬ್ರವರಿಯಲ್ಲಿ ಆಪರೇಷನ್ ಆಯಿತು. ಸ್ಕ್ಯಾನ್ ಮಾಡಬೇಕೋ ಬೇಡವೋ ಎಂಬ ಚರ್ಚೆಯೇ ಇರಲಿಲ್ಲ. ಕೋಚ್ ಸುಧಾಕರ ಮಾಸ್ಟ್ರು ಕಾಲೇಜಿನ ಗಾಡಿಯಲ್ಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು.

ಮಗಳು ಊರುಗೋಲಿನಲ್ಲಿ ಮನೆಗೆ ಬರುವ ಮೊದಲೇ ಲತೇಶ್ ಮೇಸ್ತ್ರಿಯನ್ನು ಕರೆಸಿ ಶೌಚಾಲಯಕ್ಕೆ ಕಮೋಡ್ ಹಾಕಿಸಿದ.

“ಹುಡುಗಿಗೆ ಮೊಣಕಾಲು ಮಡಚ್ಲಿಕ್ಕೆ ಆಗುದಿಲ್ಲ ಅಲ್ವಾ” ಎಂದು ಅವನು ಹೆಂಡತಿಗೆ ವಿವರಿಸಿದ.

“ಒಳ್ಳೇದಾಯ್ತು” ಎಂದಳು ಶಶಿಪ್ರಭಾ. ಬಿಳಿಯ ಆ ಹೊಸ ಕಮೋಡಿನ ಎದುರು ಬಾಗಿಲು ಹಿಡಿದು ಬಹಳ ಹೊತ್ತು ನಿಂತಿದ್ದಳು. ಅಮ್ಮಣ್ಣಿ ಹಿಂದಿನಿಂದ, “ಎಂಥ ಶಶಿ, ದೇವರು ಬಂದ ಹಾಗೆ ನೋಡ್ತಿದ್ದೀಯಲ್ಲ?” ಎಂದರು. ಶಶಿಪ್ರಭಾ ನಗಲಿಲ್ಲ.

ಆ ದಿನದಿಂದ ಆಕೆಯ ಒಳಗೆ ಏನೋ ಉರಿಯತೊಡಗಿತು. ಹೆತ್ತ ಮಗಳ ಮೇಲೆ ಅಂಥದ್ದು ಬರಬಹುದೆಂದು ಆಕೆಗೆ ಗೊತ್ತಿರಲಿಲ್ಲವಾದ್ದರಿಂದ ಬಹಳ ದಿನ ಅದನ್ನು ಆಯಾಸ ಎಂದೇ ತಿಳಿದಿದ್ದಳು. ಮಗಳಿಗೆ ಮೊಟ್ಟೆ, ಮಗಳಿಗೆ ಮೀನು, ಮಗಳ ಕಾಲಿನ ಕೆಳಗೆ ದಿಂಬು. ಮಗಳು ಹೋಟೆಲಿನ ಬೆಂಚಿನ ಮೇಲೆ ಕಾಲು ಚಾಚಿ ವ್ಯಾಯಾಮ ಮಾಡುವಾಗ ಗಿರಾಕಿಗಳು ಎದ್ದು ಬೇರೆ ಬೆಂಚಿಗೆ ಹೋಗುತ್ತಿದ್ದರು, ಗೌರವದಿಂದ. ಮಗಳು “ಆಹ್” ಎಂದರೆ ಲತೇಶ್ ಗಲ್ಲಾಪೆಟ್ಟಿಗೆ ಬಿಟ್ಟು ಬರುತ್ತಿದ್ದ. ಮೊದಮೊದಲು ಬೆರಳಷ್ಟು ಎತ್ತಲಾಗದ ಕಾಲನ್ನು ಮಗಳು ಮೊಣಕಾಲು ನೇರ ಮಾಡಿ ಎತ್ತಿದಳು; ಊರುಗೋಲು ಬಿಟ್ಟಳು; ಒಂಟಿಗಾಲಲ್ಲಿ ನಿಂತಳು. ಯಾರೂ ಇಲ್ಲದಾಗ ಶಶಿಪ್ರಭಾ ಬೆಂಚಿನ ಅಂಚು ಹಿಡಿದು ತಾನೂ ಎಡಗಾಲಲ್ಲಿ ನಿಂತು ನೋಡಿದಳು. ಕೈ ಬಿಟ್ಟ ಕೂಡಲೇ ಮೊಣಕಾಲು ನಡುಗಿತು. ಆಕೆ ಬೆಂಚು ಹಿಡಿದು, ಏನೂ ಆಗಿಲ್ಲವೆಂಬಂತೆ ಟೇಬಲ್ ಒರೆಸಿದಳು.

ಆಪರೇಷನ್ ಆದಮೇಲೆ ಮನೆಯಿಂದಲೇ ಕಾಲೇಜಿಗೆ ಹೋಗಿಬರುತ್ತಿದ್ದ ಸಾತ್ವಿಕಾ ಮಳೆಗಾಲ ಮುಗಿಯುವ ಹೊತ್ತಿಗೆ ಓಡುತ್ತಿದ್ದಳು. ಆಗ ಕಾಲೇಜು ತಂಡದ ಆಯ್ಕೆಯ ಮಾತು ಬಂತು. ಎರಡನೇ ಪಿಯುಸಿಯಲ್ಲಿರುವ ಅವಳಿಗೆ ಇದೇ ಕೊನೆಯ ಅವಕಾಶ. ತಂಡದಲ್ಲಿ ಹೆಸರು ಬಂದರೆ ಡಿಗ್ರಿಗೂ ಕ್ರೀಡಾ ಸೀಟು, ಹಾಸ್ಟೆಲು. ಬಾರದಿದ್ದರೆ ಮನೆಯಲ್ಲೇ ಇದ್ದು ಬೆಳ್ತಂಗಡಿ ಕಡೆ ಎಲ್ಲಾದರೂ ಸೇರಬೇಕು. ಸುಧಾಕರ ಮಾಸ್ಟ್ರು ಒಂದೇ ಷರತ್ತು ಹಾಕಿದ್ದರು: ಅವಳಿಗೆ ವ್ಯಾಯಾಮ ಹೇಳಿಕೊಡುವ ಫಿಸಿಯೊ ಇಹ್ಸಾನ್ ‘ಆಡಬಹುದು’ ಎನ್ನಬೇಕು.

ಆಯ್ಕೆಗೆ ಮೊದಲಿನ ಗುರುವಾರ ತಾಯಿ ಮಗಳು ಮೂಡುಬಿದಿರೆಗೆ ಹೋದರು. ಇಹ್ಸಾನ್ ಮೂವತ್ತರ ಆಸುಪಾಸಿನ, ಮೆಲುದನಿಯ ಮನುಷ್ಯ. ನೆಲಕ್ಕೆ ಅಳತೆಯ ಟೇಪು ಅಂಟಿಸಿ ಸಾತ್ವಿಕಾಳನ್ನು ಒಂಟಿಗಾಲಲ್ಲಿ ಹಾರಿಸಿದರು, ಮೊದಲು ಬಲಗಾಲು, ಆಮೇಲೆ ಎಡಗಾಲು. ಎಡಗಾಲಿನ ಹಾರಿಕೆ ಬಲಗಾಲಿನದ್ದಕ್ಕಿಂತ ಒಂದು ಬೆರಳಷ್ಟೂ ಹಿಂದೆ ಬೀಳಲಿಲ್ಲ. ಇಳಿದಾಗ ಮೊಣಕಾಲು ಅಲುಗಲಿಲ್ಲ. ಸಾತ್ವಿಕಾ ನಕ್ಕಳು. ಗೋಡೆಯ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಶಶಿಪ್ರಭಾ ಆ ಕಾಲನ್ನು ನೋಡಿದಳು, ನಗುವನ್ನಲ್ಲ.

“ಇಲ್ಲಿ ಎಲ್ಲ ಒಳ್ಳೇದುಂಟು” ಎಂದರು ಇಹ್ಸಾನ್. “ಮನೆಯಲ್ಲಿ ಹೇಗೆ ಅಕ್ಕ? ಬಾವು ಬಂದದ್ದು, ಕಾಲು ತಿರುಗಿದ್ದು, ಅಂಥದ್ದೇನಾದ್ರೂ ಉಂಟಾ?”

“ಉಂಟು” ಎಂದಳು ಶಶಿಪ್ರಭಾ.

ಸಾತ್ವಿಕಾ ತಿರುಗಿ ನೋಡಿದಳು.

“ಮೆಟ್ಟಿಲು ಇಳಿಯುವಾಗ” ಎಂದು ತಾಯಿ ಮುಂದುವರಿಸಿದಳು. “ನೋವು ಅಂತ ಅಲ್ಲ. ಕೆಳಗಿನ ಎಲುಬು ಮುಂದೆ ಹೋದ ಹಾಗೆ ಆಗ್ತದೆ, ಮೇಲಿನದ್ದು ಹಿಂದೆಯೇ ಉಳಿದ ಹಾಗೆ. ಶಬ್ದ ಏನಿಲ್ಲ. ಆಮೇಲೆ ಅರ್ಧ ಗಂಟೆ ಕಾಲು ಇಡ್ಲಿಕ್ಕೆ ಹೆದರಿಕೆ. ಮರುದಿನ ಸ್ವಲ್ಪ ಬಾವು. ಈ ತಿಂಗಳಲ್ಲೇ ಎರಡು ಸಲ ಆಗಿದೆ.”

“ಅಮ್ಮ!”

“ಅವಳು ಹೇಳುದಿಲ್ಲ. ಆಡ್ಬೇಕು ಅಂತ ಆಸೆ ಅಲ್ವಾ?”

ಇಹ್ಸಾನ್ ಸಾತ್ವಿಕಾಳನ್ನು ಮಲಗಿಸಿ ಮೊಣಕಾಲನ್ನು ಎಳೆದು ನೋಡಿದರು, ಮತ್ತೊಮ್ಮೆ ಎಳೆದರು. ಹುಬ್ಬು ಗಂಟಿಕ್ಕಿದರು. “ಹೀಗಾದ್ರೆ ನಾನು ಹೂಂ ಹೇಳ್ಲಿಕ್ಕೆ ಆಗುದಿಲ್ಲ. ಈ ಭಾನುವಾರ ಬೇಡ. ಡಾಕ್ಟ್ರಿಗೆ ಇನ್ನೊಮ್ಮೆ ತೋರಿಸುವ” ಎಂದರು.

ಬಸ್ಸು ವೇಣೂರು ದಾಟಿದ ಮೇಲೆ ಸಾತ್ವಿಕಾ ಕೇಳಿದಳು.

“ಯಾವಾಗಮ್ಮ?”

“ಎಂಥ?”

“ನನ್ನ ಕಾಲು ತಿರುಗಿದ್ದು. ನನಗೂ ಹೇಳು. ಕಾಲು ನನ್ನದಲ್ವಾ, ಗೊತ್ತಿರ್ಬೇಕು.”

“ಸಣ್ಣ ಮಾತಾಡು. ಜನ ನೋಡ್ತಾರೆ.”

“ನೋಡ್ಲಿ. ಅದು ನಿನ್ನ ಕಾಲು. ನಿನ್ನ ಕಾಲಿನದ್ದನ್ನೆಲ್ಲ ನನ್ನ ಕಾಲಿಗೆ ಹಾಕಿ ಹೇಳಿದ್ದು ನೀನು.”

“ನಿನ್ನ ಒಳ್ಳೇದಕ್ಕೆ ಹೇಳಿದ್ದು. ಇನ್ನೊಮ್ಮೆ ತುಂಡಾದ್ರೆ ಯಾರು ನೋಡ್ತಾರೆ?”

“ಹೆದರಿಕೆಯಾದ್ರೆ ಹೆದರಿಕೆ ಅಂತ ಹೇಳ್ಬೇಕಿತ್ತು. ನನಗೆ ಗೊತ್ತುಂಟಮ್ಮ. ಕಮೋಡ್ ಬಂದಾಗಿನಿಂದ ನಿನ್ನ ಮುಖ ನೋಡ್ತಾ ಇದ್ದೇನೆ. ನಾನು ಒಂದೊಂದು ವ್ಯಾಯಾಮ ಮಾಡಿದಾಗಲೂ ನೋಡಿದ್ದೇನೆ.” ಸಾತ್ವಿಕಾ ಕಿಟಕಿಯ ಕಡೆಗೆ ತಿರುಗಿದಳು. “ನಿನಗೆ ನನ್ನ ಮೇಲೆ ಹೊಟ್ಟೆಕಿಚ್ಚು.”

ಮುಂದಿನ ಸೀಟಿನಲ್ಲಿದ್ದ ಹೆಂಗಸು ಅರ್ಧ ಕತ್ತು ತಿರುಗಿಸಿ ಮತ್ತೆ ಮುಂದೆ ನೋಡಿದಳು. ಗುರುವಾಯನಕೆರೆಯಲ್ಲಿ ಬಸ್ಸು ಬದಲಿಸಬೇಕಿತ್ತು. ಬೇರೆ ದಿನಗಳಲ್ಲಿ ಸಾತ್ವಿಕಾ ಮೊದಲು ಇಳಿದು ತಾಯಿಗೆ ಕೈ ಕೊಡುತ್ತಿದ್ದಳು. ಆ ದಿನ ಇಳಿದವಳು ಹಿಂದೆ ನೋಡದೆ ಹೋದಳು. ಶಶಿಪ್ರಭಾ ಬಾಗಿಲ ಕಂಬಿ ಹಿಡಿದು ಅಡ್ಡವಾಗಿ ಇಳಿಯುವಾಗ ಕಂಡಕ್ಟರು, “ಬೇಗ ಬೇಗ ಅಮ್ಮ, ಬಸ್ಸು ಇಲ್ಲೇ ಮಲಗುದಿಲ್ಲ” ಎಂದ.

ಶುಕ್ರವಾರ ಸುಧಾಕರ ಮಾಸ್ಟ್ರು ಫೋನ್ ಮಾಡಿ, ಬೇಸರ ಮಾಡಬೇಡ, ಕಾಲು ಮುಖ್ಯ ಎಂದು ಸಾತ್ವಿಕಾಳಿಗೆ ಸಮಾಧಾನ ಹೇಳಿದರು. ಅವಳು ಹೂಂ ಹೂಂ ಎಂದು ಕೇಳಿದಳು. ತಾಯಿ ಸುಳ್ಳು ಹೇಳಿದಳೆಂದು ಅವಳು ಮಾಸ್ಟ್ರಿಗೂ ಹೇಳಲಿಲ್ಲ, ತಂದೆಗೂ ಹೇಳಲಿಲ್ಲ. ಅಡುಗೆಕೋಣೆಯಲ್ಲಿ ಅದನ್ನೆಲ್ಲ ಕೇಳಿಸಿಕೊಂಡ ಶಶಿಪ್ರಭಾಳಿಗೆ ಬೈಗುಳವಾದರೂ ಬಂದಿದ್ದರೆ ಸುಲಭವಾಗುತ್ತಿತ್ತು ಅನ್ನಿಸಿತು. ಮಗಳು ಆಡದಿದ್ದರೆ ತನ್ನ ಉರಿ ತಣ್ಣಗಾಗುತ್ತದೆ ಎಂದು ಆಕೆ ಅಂದುಕೊಂಡಿದ್ದಳು. ಮಗಳು ಮೂಲೆಯ ಬೆಂಚಿನಲ್ಲಿ ಸುಮ್ಮನೆ ಕೂತಿದ್ದಳು, ಉರಿ ಇದ್ದಲ್ಲೇ ಇತ್ತು.

ಶನಿವಾರ ಬೆಳಿಗ್ಗೆ ಆಕೆ ಹಿಟ್ಟು ಕಲಸಿಟ್ಟು ಸೀರೆ ಬದಲಿಸಿದಳು.

“ಎಲ್ಲಿಗೆ?” ಎಂದ ಲತೇಶ್.

“ಮೂಡುಬಿದಿರೆಗೆ. ಇಹ್ಸಾನ್ ಹತ್ರ ಸುಳ್ಳು ಹೇಳಿದ್ದೇನೆ. ಸರಿ ಮಾಡ್ಲಿಕ್ಕೆ ಉಂಟು.”

“ಎಂಥ ಸುಳ್ಳು?”

“ಬಂದು ಹೇಳ್ತೇನೆ. ಬಜೆ ಕೆಂಪಾದ ಕೂಡಲೇ ತೆಗೀರಿ. ನೀವು ಯಾವಾಗಲೂ ಕಪ್ಪು ಮಾಡುದು.”

ಇಹ್ಸಾನ್ ಆಕೆಯೊಬ್ಬಳೇ ಬಂದದ್ದು ನೋಡಿ ಕುರ್ಚಿ ಎಳೆದುಕೊಟ್ಟರು. ಆಕೆ ಕೂರಲಿಲ್ಲ.

“ಮೊನ್ನೆ ಹೇಳಿದ್ದು ಸುಳ್ಳು. ಅವಳ ಕಾಲು ಒಮ್ಮೆಯೂ ತಿರುಗಿಲ್ಲ.”

“ಅವಳ ಕಾಲು ಗಟ್ಟಿ ಉಂಟು ಅಂತ ನನ್ನ ಕೈಗೆ ಗೊತ್ತಾಗಿತ್ತು” ಎಂದರು ಇಹ್ಸಾನ್. “ಆದ್ರೆ ನೀವು ಹೇಳಿದ ರೀತಿ ಉಂಟಲ್ಲ ಅಕ್ಕ, ಅದು ಸುಮ್ಮನೆ ಕಟ್ಟಿ ಹೇಳ್ಲಿಕ್ಕೆ ಆಗುದಲ್ಲ. ಹಾಗಾಗಿ ಹೆದರಿದೆ. ಅದು ಯಾರ ಕಾಲು?”

“ನನ್ನದು.”

“ಮಲಗಿ, ನೋಡುವ.”

ಅವರು ಒಂದು ಕೈಯಲ್ಲಿ ತೊಡೆ ಹಿಡಿದು ಇನ್ನೊಂದು ಕೈಯಲ್ಲಿ ಮೊಣಕಾಲಿನ ಕೆಳಭಾಗವನ್ನು ಮುಂದಕ್ಕೆಳೆದರು. ಅದು ಮೇಜಿನ ಖಾನೆಯ ಹಾಗೆ ಜಾರಿ ಬಂತು. ಎರಡೂ ತೊಡೆಗಳ ಸುತ್ತಳತೆಯನ್ನು ಟೇಪಿನಲ್ಲಿ ನೋಡಿದರು. ಎಡತೊಡೆ ಎಷ್ಟು ಸೊರಗಿದೆ ಎಂದು ಸೀರೆಯ ಮೇಲಿಂದ ಯಾರಿಗೂ ತಿಳಿಯುವಂತಿರಲಿಲ್ಲ.

“ಎಷ್ಟು ವರ್ಷ ಆಯ್ತು?”

“ಸಾತ್ವಿಕಾ ಅಂಗನವಾಡಿಯಲ್ಲಿದ್ದಳು.”

“ಯಾರಿಗೂ ತೋರಿಸ್ಲಿಲ್ವಾ?”

“ತೋರಿಸಿದೆ. ಆಟ ಆಡುದಿಲ್ಲ ಅಲ್ವಾ, ಆಪರೇಷನ್ ಎಂತಕ್ಕೆ ಅಂತ ಕೇಳಿದ್ರು.”

“ಬಿಸಿ ಎಣ್ಣೆಯ ಹತ್ರ ಒಂದೇ ಕಾಲಲ್ಲಿ ನಿಲ್ಲುದು, ತಟ್ಟೆ ಹಿಡ್ಕೊಂಡು ಮೆಟ್ಟಿಲು ಇಳಿಯುದು. ಅದಕ್ಕಿಂತ ಯಾವ ಆಟ ದೊಡ್ಡದು ಮಾರಾಯ್ರೆ?” ಇಹ್ಸಾನ್ ಟೇಪು ಸುತ್ತಿಟ್ಟರು. “ನಾನು ಆಸೆ ಹುಟ್ಟಿಸುದಿಲ್ಲ. ಆಪರೇಷನ್ ಈಗ ಬೇಕಾ ಬೇಡ್ವಾ ಅಂತ ಡಾಕ್ಟ್ರು ಹೇಳ್ಬೇಕು. ತೊಡೆಗೆ ಬಲ ಬಂದ್ರೆ ಜಾರುದು ಕಮ್ಮಿ ಆಗ್ತದೆ, ಅಷ್ಟು ಹೇಳ್ತೇನೆ. ವಾರಕ್ಕೊಮ್ಮೆ ಬರ್ಬೇಕು.”

ಆಕೆ ಎದ್ದು ಸೀರೆ ಸರಿಮಾಡಿಕೊಂಡಳು.

“ಒಂದು ಕೇಳ್ತೇನೆ ಅಕ್ಕ. ಸುಳ್ಳು ಯಾಕೆ ಹೇಳಿದ್ದು?”

ಶಶಿಪ್ರಭಾ ನೆಲಕ್ಕೆ ಅಂಟಿಸಿದ್ದ ಟೇಪನ್ನು ನೋಡಿದಳು. “ಅವಳು ಎಡಗಾಲಲ್ಲಿ ಹಾರಿದಳಲ್ಲ. ಅದನ್ನು ನೋಡ್ಲಿಕ್ಕೆ ಆಗ್ಲಿಲ್ಲ.”

ಇಹ್ಸಾನ್ ಆಕೆಯ ಎದುರಿನಲ್ಲೇ ಸುಧಾಕರ ಮಾಸ್ಟ್ರಿಗೆ ಫೋನ್ ಮಾಡಿ, ತನ್ನಿಂದ ತಪ್ಪಾಯಿತು, ಹುಡುಗಿ ಆಡಬಹುದು ಎಂದರು.

ಸಂಜೆ ಮನೆಯಲ್ಲಿ ಶಶಿಪ್ರಭಾ ಎಲ್ಲವನ್ನೂ ಹೇಳಿದಳು. ಲತೇಶ್‌ಗೆ ಸಿಟ್ಟು ಬಂತು; ಯಾರ ಮೇಲೆ ಮಾಡಬೇಕೆಂದು ತಿಳಿಯದೆ ಹೊರಗೆ ಹೋಗಿ ಸ್ಕೂಟರ್ ಒರೆಸತೊಡಗಿದ. “ಇಷ್ಟು ವರ್ಷ ಹೇಳ್ಬೇಕಲ್ಲ, ಬಾಯಿ ಇರ್ಲಿಲ್ವಾ?” ಎಂದು ಅಮ್ಮಣ್ಣಿ ರೇಗಿದರು. “ಹೇಳಿದ್ದೆ ಮಾಮಿ. ನೀವೇ ಸೋಂಬೇರಿ ಕಾಲು ಅಂತ ಹೇಳಿದ್ದು” ಎಂದಳು ಸೊಸೆ. ಅಮ್ಮಣ್ಣಿ ಎದ್ದು ಒಳಗೆ ಹೋದರು. ಸಾತ್ವಿಕಾ ಬೂಟಿನ ಲೇಸು ಬಿಚ್ಚಿ ಮತ್ತೆ ಕಟ್ಟಿದಳು.

ಭಾನುವಾರ ಮೂಡುಬಿದಿರೆಯ ಒಳಾಂಗಣ ಕ್ರೀಡಾಂಗಣದಲ್ಲಿ ಆಯ್ಕೆಗೆಂದು ಮ್ಯಾಟ್ ಹಾಸಿದ್ದರು. ಲತೇಶ್ ಮತ್ತು ಶಶಿಪ್ರಭಾ ಮೆಟ್ಟಿಲು ಹತ್ತುವುದು ಬೇಡವೆಂದು ಕೆಳಗಿನ ಸಾಲಿನಲ್ಲೇ ಕೂತರು. ಸಾತ್ವಿಕಾ ಎದುರಿನವರ ಅಂಗಳಕ್ಕೆ ನುಗ್ಗಿದ ಮೊದಲ ರೈಡಿನಲ್ಲೇ ಎದುರಿನ ಹುಡುಗಿಯೊಬ್ಬಳು ಅವಳ ಎಡಪಾದವನ್ನು ಹಿಡಿದುಬಿಟ್ಟಳು. ಪಾದ ಅಲ್ಲೇ ಉಳಿಯಿತು, ಮೈ ನಡುಗೆರೆಯ ಕಡೆಗೆ ತಿರುಗಿತು. ಶಶಿಪ್ರಭಾಳ ಕೈ ತನ್ನದೇ ಮೊಣಕಾಲನ್ನು ಅದುಮಿತು. ಮಗಳ ಕಾಲು ನಿಂತಿತು. ಅವಳು ನೆಲಕ್ಕೆ ಬಿದ್ದು, ಕೈ ಚಾಚಿ ಗೆರೆ ಮುಟ್ಟಿದಳು. ಸೀಟಿ ಊದಿದರು.

“ಅಬ್ಬ!” ಎಂದು ಲತೇಶ್ ಚಪ್ಪಾಳೆ ತಟ್ಟಿ ಹೆಂಡತಿಯನ್ನು ನೋಡಿದ. “ಅಳ್ತಿದ್ದೀಯಾ? ಅಷ್ಟು ಖುಷಿ ಆಯ್ತಾ?”

“ಖುಷಿ ಅಲ್ಲ” ಎಂದಳು ಶಶಿಪ್ರಭಾ.

ವಿರಾಮದಲ್ಲಿ ಸಾತ್ವಿಕಾ ನೀರು ಕುಡಿಯಲು ಬಂದಳು. ಗುರುವಾರ ಬಸ್ಸಿಳಿದ ನಂತರ ಅವಳು ತಾಯಿಯ ಜೊತೆ ಮಾತಾಡಿದ್ದು ಆಗಲೇ ಮೊದಲು.

“ಹೇಗಿತ್ತು?”

“ತಿರುಗುವಾಗ ಇನ್ನೂ ಬಲಗಾಲನ್ನೇ ನಂಬ್ತಿ. ಮಾಸ್ಟ್ರಿಗೆ ಗೊತ್ತಾಗ್ತದೆ. ಅವರು ನೋಡುದೇ ಅದನ್ನು.”

ಸಾತ್ವಿಕಾ ಬಾಟಲಿಯ ಮುಚ್ಚಳ ಹಾಕಿದಳು. “ಇದು ಹೊಟ್ಟೆಕಿಚ್ಚಿಗೆ ಹೇಳುದಾ, ನಿಜವಾ?”

“ಎರಡೂ” ಎಂದಳು ತಾಯಿ.

ಮಗಳು ಆಕೆಯ ಮುಖವನ್ನು ಒಂದು ಕ್ಷಣ ನೋಡಿದಳು. ಬಾಟಲಿಯನ್ನು ಆಕೆಯ ಮಡಿಲಿಗೆ ಹಾಕಿ ಮ್ಯಾಟಿಗೆ ಓಡಿದಳು. ಮುಂದಿನ ರೈಡಿನಲ್ಲಿ ಎದುರಿನವರ ಮೂಲೆಯವರೆಗೂ ಹೋಗಿ, ಎಡಗಾಲನ್ನು ಊರಿ, ಅದರ ಮೇಲೆಯೇ ಪೂರ್ತಿ ತಿರುಗಿ ಬಂದಳು. ಅಂಚಿನಲ್ಲಿ ನಿಂತಿದ್ದ ಸುಧಾಕರ ಮಾಸ್ಟ್ರು ಸರಿ ಎಂಬಂತೆ ತಲೆಯಾಡಿಸಿದರು.